ತೂಕ ಇಳಿಯಲಿ, ಮೈಕಟ್ಟು ಉಳಿಯಲಿ

ಹಳೆಯ ಕಾವ್ಯಗಳನ್ನು ಓದಿದವರಿಗೆ ‘ಕೃಶೋದರಿ’ ಎಂಬ ಮಾತು ಹೊಸದಲ್ಲ. ನಮ್ಮ ಕವಿಗಳು ನಾಯಿಕೆಯ ನಡುವನ್ನು ಬಡವಾಗಿಸಿದರೇ ಹೊರತು ಅವಳನ್ನೇ ಬಡಕಲು ಮಾಡಲಿಲ್ಲ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೋಡಿ: ನಡು ಸಣ್ಣದು, ತೋಳುತೊಡೆಗಳು ತುಂಬಿದವು. ಇಂದು ತೂಕ ಇಳಿಸಲು ಹೊರಟವರು, ಹೆಂಗಸರಾಗಲಿ ಗಂಡಸರಾಗಲಿ, ಬಯಸುವುದು ಈ ಬಗೆಯ ಮೈಕಟ್ಟನ್ನೇ. ಹಿಡಿಯುವುದು ಮಾತ್ರ ಇಡೀ ಮೈಯನ್ನು ಸೊರಗಿಸುವ ದಾರಿಯನ್ನು. ನಾನು ವೈದ್ಯನಲ್ಲ, ಕನ್ನಡದ ಮೇಷ್ಟರು. ಆದರೂ ಶರೀರಶಾಸ್ತ್ರದ ಈ ಮೊದಲ ಪಾಠಗಳು ಯಾರಿಗೂ ನಿಲುಕುವಂಥವು.

ತಕ್ಕಡಿ ತೋರಿಸುವುದು ಒಟ್ಟು ಭಾರವನ್ನು. ಅದರಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು, ನೀರೆಷ್ಟು ಎಂಬುದನ್ನು ಅದು ಹೇಳದು. ಉಂಡದ್ದು ವೆಚ್ಚಕ್ಕೆ ಸಾಲದಾದಾಗ ದೇಹವು ಕೂಡಿಟ್ಟ ಕೊಬ್ಬನ್ನು ಕರಗಿಸುತ್ತದೆ, ನಿಜ. ಜೊತೆಗೆ ಸ್ನಾಯುವನ್ನೂ ಒಡೆದು ಬಳಸುತ್ತದೆ. ಬರಿಯ ಪಥ್ಯದಿಂದ ಇಳಿದ ತೂಕದಲ್ಲಿ ಸುಮಾರು ಕಾಲುಭಾಗ ಕೊಬ್ಬಲ್ಲದ ಅಂಶವೆಂದು ಸ್ಥೂಲವಾಗಿ ಲೆಕ್ಕ ಹಾಕುತ್ತಾರೆ. ಹೆಗಲಿನ ದುಂಡು, ಬೆನ್ನಿನ ನಿಲುವು, ನಿತಂಬದ ಬಿಗಿ ಇವೆಲ್ಲ ಬಹುಮಟ್ಟಿಗೆ ಸ್ನಾಯುವಿನ ಕೊಡುಗೆ. ಅದನ್ನು ಕಳೆದುಕೊಂಡು ಅಂದವನ್ನು ಉಳಿಸಿಕೊಳ್ಳುವುದೆಂತು?

ನಮ್ಮ ಬಂಧುಗಳ ಹುಡುಗಿಯೊಬ್ಬಳು ಮದುವೆ ನಿಶ್ಚಯವಾದ ಮೇಲೆ ಮೂರು ತಿಂಗಳು ಒಪ್ಪೊತ್ತು ಉಂಡು ಒಂಬತ್ತು ಕಿಲೋ ಇಳಿದಳು. ಎಲ್ಲರೂ ಮೆಚ್ಚಿದರು. ಧಾರೆಯ ಹೊತ್ತಿಗೆ ಕೆನ್ನೆ ಒಳಸರಿದು, ತೋಳು ಜೋಲುಬಿದ್ದು, ಮಹಡಿಯ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ವರ್ಷ ತುಂಬುವುದರೊಳಗೆ ತೂಕವೆಲ್ಲ ಮರಳಿತು. ಹೀಗೆ ಮರಳುವುದರಲ್ಲಿ ಕೊಬ್ಬಿನ ಪಾಲೇ ಹೆಚ್ಚು.

ಬೇಲೂರಿನ ಶಿಲ್ಪಿ ಬಳಪದ ಕಲ್ಲಿನಲ್ಲಿ ಬೇಕಾದೆಡೆ ಉಳಿಯಿಡಬಲ್ಲವನಾಗಿದ್ದ. ಜೀವಂತ ದೇಹದಲ್ಲಿ ಆ ಸ್ವಾತಂತ್ರ್ಯವಿಲ್ಲ. ನೂರು ಸಲ ಬಗ್ಗಿ ಎದ್ದರೆ ಹೊಟ್ಟೆಯ ಸ್ನಾಯು ಬಲಗೊಂಡೀತು. ಅದರ ಮೇಲಿನ ಕೊಬ್ಬೇ ಕರಗಬೇಕೆಂಬ ನಿಯಮವಿಲ್ಲ. ಎಲ್ಲಿಯದು ಮೊದಲು ಹೋಗಬೇಕೆಂಬುದನ್ನು ವಂಶಗುಣ, ವಯಸ್ಸು, ಹಾರ್ಮೋನುಗಳು ತೀರ್ಮಾನಿಸುತ್ತವೆ. ಮುಟ್ಟು ನಿಂತ ಬಳಿಕ ಸ್ತ್ರೀಯರಿಗೆ ಹೊಟ್ಟೆಯ ಭಾಗದಲ್ಲಿ ಕೊಬ್ಬು ಹೆಚ್ಚುವುದೂ ಈ ಕಾರಣದಿಂದಲೇ. ಸೊಂಟಕ್ಕೆ ಪಟ್ಟಿ ಬಿಗಿದು ಬೆವರುವವರು ಕಳೆಯುವುದು ನೀರನ್ನು. ಒಂದು ತಂಬಿಗೆ ಕುಡಿದರೆ ಅದು ಮರಳಿತು.

ಕೆಲಸವಿದ್ದರೆ ಮಾತ್ರ ಸ್ನಾಯು ಉಳಿಯುತ್ತದೆ. ದಂಡ, ಬಸ್ಕಿ ಹೊಡೆಸುತ್ತಿದ್ದ ಗರಡಿಯವರು ಇದನ್ನು ಬಲ್ಲರು. ಬೀಸುವ, ಕುಟ್ಟುವ, ನೀರು ಸೇದುವ ಕೆಲಸಗಳಲ್ಲಿ ನಮ್ಮ ತಾಯಂದಿರಿಗೂ ಇದು ಬೇಡದಿದ್ದರೂ ಒದಗಿತ್ತು. (ಆ ಕಾಲ ಮರಳಲಿ ಎನ್ನುವವರು ಒರಳಿನ ಮುಂದೆ ಕುಳಿತವರಲ್ಲ.) ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ, ಅದರೊಂದಿಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಮೊದಲನೆಯದನ್ನು ನಮ್ಮಲ್ಲಿ ಹಲವರು ಬೆಳಗಿನ ನಡಿಗೆಯಿಂದ ಪೂರೈಸುತ್ತಾರೆ. ಎರಡನೆಯದನ್ನು ಕೇಳಿದವರೇ ಕಡಿಮೆ. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು, ಇಷ್ಟರಿಂದ ತೊಡಗಿ ಭಾರವನ್ನು ಕ್ರಮೇಣ ಏರಿಸಬಹುದು. ಭಾರ ಎತ್ತಿದರೆ ಪೈಲ್ವಾನರಂತಾದೇವೆಂದು ಸ್ತ್ರೀಯರು ಅಳುಕಬೇಕಾಗಿಲ್ಲ. ಅಂಥ ಗಾತ್ರಕ್ಕೆ ಬೇಕಾದ ಹಾರ್ಮೋನು ಅವರಲ್ಲಿ ಬಹಳ ಕಡಿಮೆ.

ಇನ್ನು ಊಟ. ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನು ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕ. ಅರವತ್ತು ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ ಆಯಿತು. ತೂಕ ಇಳಿಸುವಾಗ ಇನ್ನೂ ಸ್ವಲ್ಪ ಹೆಚ್ಚಿರಬೇಕು; ಮೂತ್ರಪಿಂಡದ ತೊಂದರೆಯಿದ್ದವರು ವೈದ್ಯರನ್ನು ಕೇಳಬೇಕು. ತಿಳಿಸಾರು ಅನ್ನದಲ್ಲಿ ಇಷ್ಟು ಸಿಗದು. ಅನ್ನ ತಗ್ಗಲಿ, ಬೇಳೆ, ಕಾಳು, ಮೊಸರು, ಒಗ್ಗುವವರಿಗೆ ಮೊಟ್ಟೆ ಮೀನು ಹೆಚ್ಚಲಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು.

ತಕ್ಕಡಿಯ ಜೊತೆಗೆ ದರ್ಜಿಯ ಟೇಪೊಂದು ಮನೆಯಲ್ಲಿರಲಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಹದಿನೈದು ದಿನಕ್ಕೊಮ್ಮೆ ಅಳೆಯಿರಿ. ಭಾರತೀಯರಲ್ಲಿ ಸ್ತ್ರೀಯರಿಗೆ 80, ಪುರುಷರಿಗೆ 90 ಸೆಂಟಿಮೀಟರನ್ನು ಎಚ್ಚರಿಕೆಯ ಗೆರೆಯೆನ್ನುತ್ತಾರೆ. ಕೆಲವು ತಿಂಗಳು ತಕ್ಕಡಿಯ ಮುಳ್ಳು ಅಲುಗದೆ ಟೇಪು ಮಾತ್ರ ಸಡಿಲವಾಗುವುದುಂಟು: ಕೊಬ್ಬು ಹೋಗಿ ಸ್ನಾಯು ಬಂದಿದೆ. ಆಗ ಮುಳ್ಳಿನ ಮಾತು ಕೇಳಿ ರಾತ್ರಿಯ ಊಟ ಬಿಡಬೇಡಿ.