ಕಟ್ಟಿದ ಮೂಗಿಗೆ ಯಾವ ಮದ್ದು?

ಹೊರಡುವ ಹೊತ್ತಿಗೆ ಒಂಟಿ ಸೀನು ಬಂದರೆ ಅಪಶಕುನ, ಜೋಡಿ ಸೀನಾದರೆ ಪರವಾಗಿಲ್ಲ ಎನ್ನುತ್ತಾರೆ ನಮ್ಮ ಮನೆಯಲ್ಲಿ. ನನ್ನ ಸೀನು ಎಂದೂ ಒಂಟಿಯಾಗಿ ಬಂದದ್ದಿಲ್ಲ. ಬೆಳಿಗ್ಗೆ ಹೊದಿಕೆ ಮಡಚುವಷ್ಟರಲ್ಲಿ ಸಾಲಾಗಿ ಎಂಟೋ ಹತ್ತೋ ಬರುತ್ತಿದ್ದವು. ಆಮೇಲೆ ಮೂಗು ನಲ್ಲಿಯಂತೆ ಸೋರಿ, ರಾತ್ರಿ ಮಲಗುವ ಹೊತ್ತಿಗೆ ಪೂರ್ತಿ ಕಟ್ಟಿಕೊಳ್ಳುತ್ತಿತ್ತು. ಮಳೆಗಾಲ, ಚಳಿಗಾಲ, ಬೇಸಿಗೆ ಎಂಬ ಭೇದವಿಲ್ಲ. ‘ಇದು ನೆಗಡಿಯಲ್ಲ, ಅಲರ್ಜಿ’ ಎಂದು ಇಎನ್‌ಟಿ ವೈದ್ಯರು ಹೇಳಿದಾಗ ನಾನು ಬಿಇ ಮೂರನೇ ಸೆಮಿಸ್ಟರ್‌ನಲ್ಲಿದ್ದೆ. ಹಾಸ್ಟೆಲ್‌ನ ನಮ್ಮ ಮಹಡಿಯಲ್ಲೇ ಇಂಥ ಮೂಗಿನವರು ಆರು ಮಂದಿ ಇದ್ದೇವೆ. ಒಬ್ಬೊಬ್ಬರ ಬಳಿ ಒಂದೊಂದು ಮದ್ದು, ಪ್ರತಿಯೊಬ್ಬರಿಗೂ ತಮ್ಮದೇ ಒಳ್ಳೆಯದೆಂಬ ವಾದ.

ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್. ಲ್ಯಾಬ್‌ನಲ್ಲಿ ಒಂದು ಪುಟ್ಟ ಐಸಿ ಮುಟ್ಟುವ ಮೊದಲೂ ಡೇಟಾಶೀಟ್ ಓದು ಎನ್ನುತ್ತಾರೆ. ಹಾಗಿರುವಾಗ ದಿನವೂ ನುಂಗುವ ಮಾತ್ರೆಯ ಹೆಸರನ್ನೂ ಓದದಿದ್ದರೆ ಹೇಗೆ? ವೈದ್ಯರನ್ನು ಕೇಳಿ, ಮದ್ದಿನ ಪೆಟ್ಟಿಗೆಯೊಳಗಿನ ಸಣ್ಣಕ್ಷರದ ಚೀಟಿ ಓದಿ ತಿಳಿದುಕೊಂಡದ್ದು ಇಷ್ಟು: ನಾವು ಹೆದರುವುದು ಒಂದು ಮದ್ದಿಗೆ, ಹೆದರಬೇಕಾದದ್ದು ಇನ್ನೊಂದಕ್ಕೆ.

ವರ್ಷವಿಡೀ ಕಾಡುವ ಅಲರ್ಜಿಗೆ ಹಾಸಿಗೆ, ದಿಂಬಿನ ದೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳಗಳು, ಜಿರಳೆ, ಗೋಡೆಯ ಬೂಷ್ಟು, ಸಾಕುಪ್ರಾಣಿಗಳು ಸಾಮಾನ್ಯ ಕಾರಣ. ಬೆಂಗಳೂರಿನಲ್ಲಿ ಖಾಲಿ ಸೈಟುಗಳ ತುಂಬ ಬೆಳೆಯುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ ಪರಾಗವೂ ಸೇರಿಕೊಳ್ಳುತ್ತದೆ. ಇವು ಮೂಗಿಗೆ ತಗುಲಿದಾಗ ಒಳಪದರದ ಕೆಲವು ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುತ್ತವೆ. ಸೀನು, ತುರಿಕೆ, ಸೋರುವಿಕೆ ಬಹುಪಾಲು ಅದರ ಕೆಲಸ. ಗಂಟೆಗಳ ನಂತರ ಒಳಪದರ ಊದಿಕೊಂಡು ಮೂಗು ಕಟ್ಟುವುದರಲ್ಲಿ ಬೇರೆ ರಾಸಾಯನಿಕಗಳ ಪಾಲೂ ಇದೆ. ಒಂದೇ ಮಾತ್ರೆ ಎಲ್ಲಕ್ಕೂ ಸಾಲದಿರುವುದು ಇದರಿಂದಲೇ.

ನಿದ್ದೆ ತರುವ ಮಾತ್ರೆ, ತರದ ಮಾತ್ರೆ

ಹಿಸ್ಟಮಿನ್ ತಡೆಯುವ ಹಳೆಯ ಮಾತ್ರೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕ್ಲೋರ್‌ಫೆನಿರಮಿನ್. ಅಂಗಡಿಯಲ್ಲಿ ‘ನೆಗಡಿ ಮಾತ್ರೆ’ ಎಂದು ಕೊಡುವ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಇದು ಇರುತ್ತದೆ. ಇದು ಮಿದುಳಿಗೂ ತಲುಪುವುದರಿಂದ ತೂಕಡಿಕೆ ಬರುತ್ತದೆ, ಗಮನ ತಪ್ಪುತ್ತದೆ. ಬ್ರಿಟನ್ನಿನಲ್ಲಿ 15ರಿಂದ 17 ವರ್ಷದ 1,800ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಗಮನಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಪರಾಗದ ಅಲರ್ಜಿಯಿಂದ ನರಳುತ್ತ ಪರೀಕ್ಷೆ ಬರೆದವರು ಪೂರ್ವಸಿದ್ಧತಾ ಪರೀಕ್ಷೆಗಿಂತ ಅಂತಿಮ ಪರೀಕ್ಷೆಯಲ್ಲಿ ಒಂದು ಗ್ರೇಡ್ ಕಳೆದುಕೊಳ್ಳುವ ಸಾಧ್ಯತೆ ಶೇ 40ರಷ್ಟು ಹೆಚ್ಚಿತ್ತು. ನಿದ್ದೆ ತರುವ ಮಾತ್ರೆ ನುಂಗಿ ಬರೆದವರಲ್ಲಿ ಅದು ಶೇ 70. ಇಂಟರ್ನಲ್ಸ್, ಪ್ಲೇಸ್‌ಮೆಂಟ್, ಕೆಪಿಎಸ್‌ಸಿ ಎಂದು ಓಡುವ ನಮಗೆ ಇದು ಸಣ್ಣ ಮಾತಲ್ಲ.

ಹೊಸ ಪೀಳಿಗೆಯ ಮಾತ್ರೆಗಳು ಮಿದುಳಿಗೆ ಕಡಿಮೆ ತಲುಪುತ್ತವೆ. ಸೆಟಿರಿಜಿನ್ ಅಗ್ಗ, ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ. ಆದರೆ ಕೆಲವರಿಗೆ ಇದರಿಂದಲೂ ತೂಕಡಿಕೆ ತಪ್ಪದು. ಲಿವೊಸೆಟಿರಿಜಿನ್ ಅದರದೇ ಒಂದು ಅರ್ಧ. ಅದಕ್ಕೇ 10 ಮಿಲಿಗ್ರಾಂ ಬದಲು 5 ಮಿಲಿಗ್ರಾಂ ಸಾಕು. ನಿದ್ದೆಯ ಕಾಟ ತೀರಾ ಕಡಿಮೆ ಇರುವುದು ಫೆಕ್ಸೊಫೆನಡಿನ್‌ನಲ್ಲಿ. ಅದನ್ನು ನೀರಿನೊಂದಿಗೇ ನುಂಗಬೇಕು. ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ತೆಗೆದುಕೊಂಡರೆ ಮದ್ದು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಈ ಎಲ್ಲ ಮಾತ್ರೆಗಳೂ ಸೀನು, ತುರಿಕೆ, ಸೋರುವಿಕೆಗೆ ಒಳ್ಳೆಯವು. ಕಟ್ಟಿದ ಮೂಗಿನ ಮುಂದೆ ಸಪ್ಪೆ.

ಲಿವೊಸೆಟಿರಿಜಿನ್ ಜೊತೆ ಮಾಂಟೆಲುಕಾಸ್ಟ್ ಸೇರಿದ ಮಾತ್ರೆಯನ್ನು ನಮ್ಮಲ್ಲಿ ಅನೇಕರು ತಿಂಗಳುಗಟ್ಟಲೆ ನುಂಗುತ್ತಾರೆ. ಮಾಂಟೆಲುಕಾಸ್ಟ್‌ನಿಂದ ಕೆಲವರಲ್ಲಿ ಕೆಟ್ಟ ಕನಸು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಕಾಣಿಸಿಕೊಂಡ ಕಾರಣ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಮಾರ್ಚ್‌ನಲ್ಲಿ ಅದರ ಮೇಲೆ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು. ಮೂಗಿನ ಅಲರ್ಜಿಗೆ ಬೇರೆ ಮದ್ದು ಫಲಿಸದಿದ್ದರೆ ಮಾತ್ರ ಇದನ್ನು ಕೊಡಿ ಎಂದಿತು. ಅಸ್ತಮಾ ಇರುವವರಿಗೆ ಲೆಕ್ಕ ಬೇರೆ, ಅವರು ತಾವಾಗಿಯೇ ನಿಲ್ಲಿಸಬಾರದು. ಇದನ್ನು ನುಂಗುತ್ತಿರುವಾಗ ಕಾರಣವಿಲ್ಲದೆ ಮನಸ್ಸು ಕುಗ್ಗಿದರೆ ತಡಮಾಡದೆ ವೈದ್ಯರಿಗೆ ಹೇಳಬೇಕು.

ಐದು ನಿಮಿಷದ ಸುಖ

ನನ್ನ ರೂಮ್‌ಮೇಟ್‌ನ ದಿಂಬಿನಡಿ ಸದಾ ಒಂದು ಹನಿಮದ್ದಿನ ಬಾಟಲಿ ಇರುತ್ತಿತ್ತು. ಜೈಲೊಮೆಟಾಜೊಲಿನ್, ಆಕ್ಸಿಮೆಟಾಜೊಲಿನ್ ಇರುವ ಇಂಥ ಹನಿಗಳು ರಕ್ತನಾಳಗಳನ್ನು ಕುಗ್ಗಿಸಿ ನಿಮಿಷಗಳಲ್ಲಿ ಮೂಗು ತೆರೆಯುತ್ತವೆ. ಮೂರರಿಂದ ಐದು ದಿನ ದಾಟಿದರೆ ಕಥೆ ಉಲ್ಟಾ: ಹನಿಯ ಪ್ರಭಾವ ಇಳಿದೊಡನೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ, ಮತ್ತೆ ಹನಿ ಬೇಕೆನಿಸುತ್ತದೆ. ಅವನದು ದಿನಕ್ಕೆ ಎರಡು ಸಲವಿದ್ದದ್ದು ಆರಕ್ಕೆ ಏರಿತ್ತು. ವೈದ್ಯರು ಅದನ್ನು ಬಿಡಿಸಿ ಬೇರೆ ಸ್ಪ್ರೇ ಕೊಟ್ಟ ಮೊದಲ ವಾರ ಅವನು ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡಿದ.

ಮೂಗು ಬಿಡಿಸಲೆಂದು ನೆಗಡಿ ಮಾತ್ರೆಗಳಲ್ಲಿ ಬೆರೆಸುವ ಫೆನೈಲ್‌ಎಫ್ರಿನ್ ಕಥೆ ಇನ್ನೂ ವಿಚಿತ್ರ. ಬಾಯಿಯಿಂದ ನುಂಗಿದರೆ ಅದು ಮೂಗಿಗೆ ಪರಿಣಾಮಕಾರಿಯಲ್ಲ ಎಂದು 2023ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎಯ ತಜ್ಞರ ಸಮಿತಿ ಒಮ್ಮತದಿಂದ ಹೇಳಿತು.

ನಿಧಾನದ ಸ್ಪ್ರೇ

ಅವನಿಗೂ ನನಗೂ ವೈದ್ಯರು ಬರೆದದ್ದು ಸ್ಟೆರಾಯ್ಡ್ ಸ್ಪ್ರೇ. ಫ್ಲುಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್ ಈ ಗುಂಪಿನವು. ಹೆಸರು ಕೇಳಿ ಅಮ್ಮ ಫೋನಿನಲ್ಲೇ ಗಾಬರಿಯಾದರು. ‘ಸ್ಟೆರಾಯ್ಡಾ? ಬೇಡ ಕಣೋ, ಒಂದ್ಸಲ ಶುರು ಮಾಡಿದ್ರೆ ಬಿಡೋಕಾಗಲ್ಲ’ ಎಂದರು. ಇದನ್ನೇ ವೈದ್ಯರಿಗೆ ಹೇಳಿದೆ. ‘ಬಿಡೋಕಾಗದೇ ಇರೋದು ನಿನ್ನ ಫ್ರೆಂಡ್ ಹಾಕ್ಕೋತಿದ್ದ ಹನಿ, ಇದಲ್ಲ’ ಎಂದು ನಕ್ಕು ಲೆಕ್ಕ ತೋರಿಸಿದರು. ಫ್ಲುಟಿಕಾಸೋನ್ ಪ್ರೊಪಿಯೊನೇಟ್ ಸ್ಪ್ರೇಯ ಒಂದು ಒತ್ತಿಗೆ 50 ಮೈಕ್ರೊಗ್ರಾಂ. ಎರಡೂ ಹೊಳ್ಳೆಗೆ ಎರಡೆರಡರಂತೆ ದಿನಕ್ಕೆ 200. ಅದರಲ್ಲಿ ರಕ್ತಕ್ಕೆ ಸೇರುವುದು ಶೇ 2ಕ್ಕಿಂತ ಕಡಿಮೆ. ನುಂಗುವ ಸ್ಟೆರಾಯ್ಡ್ ಮಾತ್ರೆಯ ಮಾತೇ ಬೇರೆ, ಅದು ಮೈಯೆಲ್ಲ ಹರಡುತ್ತದೆ.

ಕಟ್ಟಿದ ಮೂಗೂ ಸೇರಿದಂತೆ ಎಲ್ಲ ಲಕ್ಷಣಗಳಿಗೂ ಹೆಚ್ಚು ಪರಿಣಾಮಕಾರಿ ಮದ್ದು ಇದೇ. ತೊಂದರೆ ಏನೆಂದರೆ ಪೂರ್ಣ ಫಲ ಕಾಣಲು ಒಂದೆರಡು ವಾರ ಬೇಕು, ದಿನವೂ ತಪ್ಪದೆ ಬಳಸಬೇಕು. ನಾಲ್ಕು ದಿನ ಹಾಕಿ ‘ಕೆಲಸ ಮಾಡಲ್ಲ’ ಎಂದು ಮೂಲೆಗೆಸೆದವರನ್ನು ನಮ್ಮ ಮಹಡಿಯಲ್ಲೇ ನೋಡಿದ್ದೇನೆ. ಹಾಕುವ ಕ್ರಮವೂ ಮುಖ್ಯ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ ಬಳಸಿ, ತುದಿಯನ್ನು ಕಿವಿಯ ಕಡೆಗೆ ತಿರುಗಿಸಿ ಒತ್ತಬೇಕು. ಮೂಗಿನ ನಡುಗೋಡೆಗೆ ಒತ್ತಿದರೆ ರಕ್ತ ಬರಬಹುದು. ಜೋರಾಗಿ ಎಳೆದುಕೊಂಡರೆ ಮದ್ದೆಲ್ಲ ಗಂಟಲಿಗೆ ಹೋಗುತ್ತದೆ. ಬೇಗ ಪರಿಹಾರ ಬೇಕೆಂದರೆ ಅಜೆಲಾಸ್ಟಿನ್ ಸ್ಪ್ರೇ ಇದೆ. ಸುಮಾರು ಕಾಲು ಗಂಟೆಯಲ್ಲಿ ಕೆಲಸ ಮಾಡುತ್ತದೆ, ಬಾಯಿ ಮಾತ್ರ ಕಹಿಯಾಗುತ್ತದೆ.

ಸ್ಪ್ರೇ ಮಾತ್ರೆಗಿಂತ ದುಬಾರಿ, ನಿಜ. 120 ಒತ್ತುಗಳ ಬಾಟಲಿ ನನಗೆ ಒಂದು ತಿಂಗಳು ಬರುತ್ತದೆ. ಜನೌಷಧಿ ಕೇಂದ್ರದಲ್ಲಿ ವಿಚಾರಿಸಿದರೆ ಖರ್ಚು ಇಳಿಸಬಹುದು. ಉಪ್ಪುನೀರಿನಿಂದ ಮೂಗು ತೊಳೆಯುವುದೂ ಜೊತೆಗೆ ನೆರವಾಗುತ್ತದೆ. ಜಲನೇತಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ನಲ್ಲಿ ನೀರು ಮಾತ್ರ ಬೇಡ, ಕುದಿಸಿ ಆರಿಸಿದ ನೀರೇ ಆಗಬೇಕು. ದಿಂಬಿನ ಕವರು, ಬೆಡ್‌ಶೀಟನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವುದಕ್ಕೆ ದುಡ್ಡೇ ಬೇಕಿಲ್ಲ.

ಇವ್ಯಾವುವೂ ಅಲರ್ಜಿಯನ್ನು ಬುಡಸಮೇತ ಕೀಳುವುದಿಲ್ಲ. ನನ್ನದೂ ಹೋಗಿಲ್ಲ, ಹತೋಟಿಯಲ್ಲಿದೆ. ರಾತ್ರಿ ಬಾಯಿ ಮುಚ್ಚಿ ಮಲಗುತ್ತೇನೆ, ಬೆಳಗಿನ ಮೊದಲ ಪೀರಿಯಡ್‌ನಲ್ಲಿ ಕಣ್ಣು ತೆರೆದಿರುತ್ತದೆ. ಪರೀಕ್ಷೆಯೋ ಸಂದರ್ಶನವೋ ಹತ್ತಿರವಿರುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ವೈದ್ಯರನ್ನು ಈಗಲೇ ಕಾಣಿ, ಸ್ಪ್ರೇ ಬರೆದರೆ ಎರಡು ವಾರ ಮೊದಲೇ ಶುರು ಮಾಡಿ, ಹೊಸ ಮಾತ್ರೆಯನ್ನು ಮೊದಲು ಒಂದು ಭಾನುವಾರ ನುಂಗಿ ನೋಡಿ. ಉಬ್ಬಸವಿದ್ದರೆ, ಒಂದೇ ಹೊಳ್ಳೆ ಸದಾ ಕಟ್ಟುತ್ತಿದ್ದರೆ, ಮೂಗಿನಿಂದ ಪದೇ ಪದೇ ರಕ್ತ ಬರುತ್ತಿದ್ದರೆ ಅದನ್ನು ಮೊದಲೇ ತಿಳಿಸಿ. ಅಂಗಡಿಗೆ ಹೋಗಿ ‘ಅಲರ್ಜಿಗೆ ಏನಾದ್ರೂ ಕೊಡಿ’ ಎಂದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಸ್ಟ್ರಿಪ್ ತಿರುಗಿಸಿ ಅದರಲ್ಲಿ ಏನೇನಿದೆ ಎಂದು ಓದಲು ಅರ್ಧ ನಿಮಿಷ ಸಾಕು.