ಕನ್ಯಾ ನೋಡುವ ಅರ್ಧ ಗಂಟೆ

ಬಾಗಲಕೋಟೆ, ಹುನಗುಂದ, ಇಳಕಲ್ಲ ಕಡೆಯ ಮನೆಗಳಲ್ಲಿ ಕನ್ಯಾ ನೋಡುವ ಕಾರ್ಯವು ಬಹುಮಟ್ಟಿಗೆ ಒಂದೇ ಬಗೆಯಾಗಿ ನಡೆಯುತ್ತದೆ. ವರನ ಕಡೆಯ ಐದಾರು ಮಂದಿ ಪಡಸಾಲೆಯಲ್ಲಿ ಕುಳಿತಿರುತ್ತಾರೆ. ಅವಲಕ್ಕಿ, ಚಹಾ ಬರುತ್ತವೆ. ಇಳಕಲ್ಲ ಸೀರೆಯುಟ್ಟ ಹುಡುಗಿ ಹಿರಿಯರಿಗೆ ನಮಸ್ಕರಿಸಿ ಚಾಪೆಯ ಮೇಲೆ ಕುಳಿತುಕೊಳ್ಳುತ್ತಾಳೆ. ಹೆಸರು, ಓದು, ಅಡಿಗೆ ಎಂದು ನಾಲ್ಕು ಪ್ರಶ್ನೆಗಳು. ಉತ್ತರವನ್ನು ಅನೇಕ ವೇಳೆ ಸೋದರಮಾವನೇ ಕೊಟ್ಟುಬಿಡುತ್ತಾನೆ. ಅರ್ಧ ಗಂಟೆಯೊಳಗೆ ಬಂದವರು ಎದ್ದು ನಿಲ್ಲುತ್ತಾರೆ. ಮುಂಬಯಿಯಂತಹ ಬಂದರು ನಗರದಲ್ಲಿ ದುಡಿಯುವ ತರುಣ ತರುಣಿಯರಾದರೋ ಮೊದಲ ಭೇಟಿಗೆ ಕಡಲ ದಂಡೆಯನ್ನೋ ಚಹಾದ ಅಂಗಡಿಯನ್ನೋ ತಾವೇ ಗೊತ್ತುಮಾಡಿಕೊಳ್ಳಬಲ್ಲರು. ಆದರೆ ಪ್ರಶ್ನೆ ಎರಡೂ ಕಡೆ ಒಂದೇ. ಇಷ್ಟು ಸ್ವಲ್ಪ ಹೊತ್ತಿನಲ್ಲಿ ಒಬ್ಬರು ಇನ್ನೊಬ್ಬರ ವಿಷಯವಾಗಿ ಏನನ್ನು ತಿಳಿಯಬಲ್ಲರು? ಭೇಟಿಯ ಸ್ಥಳಕ್ಕೂ ಆ ತಿಳಿವಿಗೂ ಸಂಬಂಧವುಂಟೇ?

ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ಮನೆಗಳಲ್ಲಿ ಈ ತೊಡಕೇ ಇಲ್ಲ. ಅಲ್ಲಿ ಪರಿಚಯ ತೊಟ್ಟಿಲಿನಿಂದಲೇ. ಅಲ್ಲಿಯ ಲೆಕ್ಕ ಬೇರೆ. ಮಾವ ಸೊಸೆಯರ ಮಗುವಿನಲ್ಲಿ ಸರಾಸರಿ 8ರಲ್ಲಿ 1 ಪಾಲು, ಸೋದರಿಕೆಯ ಮಕ್ಕಳ ಮಗುವಿನಲ್ಲಿ 16ರಲ್ಲಿ 1 ಪಾಲು ಆನುವಂಶಿಕ ಅಂಶಗಳು ತಂದೆ ತಾಯಿ ಇಬ್ಬರಿಂದಲೂ ಒಂದೇ ಪ್ರತಿಯಾಗಿ ಬಂದಿರುತ್ತವೆ. ಅಡಗಿದ ರೋಗಗಳು ಹೊರಬೀಳುವ ಸಂಭವ ಅದರಿಂದ ಹೆಚ್ಚುತ್ತದೆ. ಅದು ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ.

ಮೊದಲ ನೋಟದ ವೇಗವು ಆಶ್ಚರ್ಯಕರವಾದುದು. 2006ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ವಿಲ್ಲಿಸ್ ಮತ್ತು ಟೊಡೊರೊವ್ ಎಂಬವರು ಅಪರಿಚಿತರ ಮುಖಗಳನ್ನು ಕೇವಲ ಸೆಕೆಂಡಿನ 10ನೆಯ ಒಂದಂಶ ಕಾಲ ತೋರಿಸಿ, ಈತ ನಂಬಿಕೆಗೆ ಅರ್ಹನೇ, ಸಮರ್ಥನೇ ಎಂದು ಕೇಳಿದರು. ಆಗ ಬಂದ ತೀರ್ಪುಗಳು, ಬೇಕಾದಷ್ಟು ಹೊತ್ತು ನೋಡಿದವರ ತೀರ್ಪುಗಳೊಡನೆ ಬಹಳಮಟ್ಟಿಗೆ ಹೊಂದಿಕೊಂಡವು. ಹೊತ್ತು ಹೆಚ್ಚಿದಂತೆ ಹೆಚ್ಚಿದುದು ಮುಖ್ಯವಾಗಿ ತಮ್ಮ ತೀರ್ಪಿನ ಮೇಲಿನ ಭರವಸೆ. ತೀರ್ಪು ಸರಿಯಾಗಿತ್ತೆಂದು ಇದರ ಅರ್ಥವಲ್ಲ, ಬೇಗನೆ ಆಗಿತ್ತೆಂದಷ್ಟೇ. "ನೋಡಿದ ಕೂಡಲೇ ತಿಳಿಯಿತು" ಎನ್ನುವ ಹಿರಿಯರು ಸುಳ್ಳನ್ನಾಡುತ್ತಿಲ್ಲ. ಏನು ತಿಳಿಯಿತು ಎಂಬುದೇ ಸಂಶಯ.

ಇನ್ನು ದೇಹದ ಕಡೆ ನೋಡೋಣ. ಹತ್ತು ಕಣ್ಣುಗಳು ತನ್ನ ಮೇಲೆ ನೆಟ್ಟಿರುವಾಗ ಹುಡುಗಿಯ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತವೆ. ನಾಡಿ ತೀವ್ರವಾಗುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ವರನ ಸ್ಥಿತಿಯೂ ಇದಕ್ಕಿಂತ ಉತ್ತಮವೇನಲ್ಲ. ಪರೀಕ್ಷೆಯ ಕೊಠಡಿಯಲ್ಲಿಯೂ ಹಾವನ್ನು ಕಂಡಾಗಲೂ ಮನಸ್ಸಿಗೆ ಒಪ್ಪಿದ ಮುಖವನ್ನು ಕಂಡಾಗಲೂ ದೇಹವು ತೋರುವ ಲಕ್ಷಣಗಳು ಬಹಳಮಟ್ಟಿಗೆ ಇವೇ. ಎದೆ ಬಡಿದುಕೊಳ್ಳುತ್ತಿದೆ ಎಂಬುದು ಮನಸ್ಸಿಗೆ ಗೊತ್ತಾಗುತ್ತದೆ. ಏತಕ್ಕಾಗಿ ಎಂಬುದನ್ನು ಮಾತ್ರ ಅದು ಸುತ್ತಲಿನ ಸನ್ನಿವೇಶವನ್ನು ನೋಡಿ ಊಹಿಸಬೇಕಾಗುತ್ತದೆ.

ಈ ಊಹೆ ತಪ್ಪಬಹುದೆಂದು ತೋರಿಸಿದ ಪ್ರಯೋಗವೊಂದು ಕೆನಡಾದ ದೊಡ್ಡ ಬಂದರು ನಗರವಾದ ವ್ಯಾಂಕೂವರಿನ ಬಳಿ ನಡೆಯಿತು. ಅಲ್ಲಿ ಕಪಿಲಾನೊ ಹೊಳೆಗೆ ಅಡ್ಡಲಾಗಿ 450 ಅಡಿ ಉದ್ದದ, 230 ಅಡಿ ಎತ್ತರದ ತೂಗುಸೇತುವೆಯಿದೆ, ಕಾಲಿಟ್ಟರೆ ತೂಗಾಡುತ್ತದೆ. ಡಟನ್ ಮತ್ತು ಏರನ್ ಎಂಬ ಮನೋವಿಜ್ಞಾನಿಗಳು 1974ರಲ್ಲಿ ಪ್ರಕಟಿಸಿದ ವರದಿಯಂತೆ, ಸೇತುವೆಯ ಮೇಲೆ ಬಂದ ತರುಣರನ್ನು ಒಬ್ಬ ತರುಣಿಯು ಮಾತನಾಡಿಸಿ, ಹೆಚ್ಚಿನ ವಿವರ ಬೇಕಾದರೆ ಕರೆಯಿರೆಂದು ಟೆಲಿಫೋನ್ ಸಂಖ್ಯೆ ಕೊಡುತ್ತಿದ್ದಳು. ಸಂಖ್ಯೆಯನ್ನು ಪಡೆದ 18 ಮಂದಿಯಲ್ಲಿ 9 ಮಂದಿ ಕರೆದರು. ಅದೇ ಹೊಳೆಯ ಮೇಲ್ಭಾಗದಲ್ಲಿ ತಗ್ಗಾದ, ಗಟ್ಟಿಮುಟ್ಟಾದ ಮರದ ಸೇತುವೆಯ ಮೇಲಾದರೋ 16ರಲ್ಲಿ ಇಬ್ಬರೇ. ಸೇತುವೆಯ ಭಯವನ್ನು ಮನಸ್ಸು ತರುಣಿಯ ಆಕರ್ಷಣೆಯ ಲೆಕ್ಕಕ್ಕೆ ಬರೆದುಕೊಂಡಿತ್ತೆಂದು ಅವರು ತರ್ಕಿಸಿದರು.

ಜಾಣ ವಿದ್ಯಾರ್ಥಿ ಇಲ್ಲಿ ಆಕ್ಷೇಪಿಸಬಹುದು: ತೂಗುಸೇತುವೆಯನ್ನು ಏರುವವರು ಮೊದಲೇ ಧೈರ್ಯಶಾಲಿಗಳಾಗಿದ್ದು, ಟೆಲಿಫೋನ್ ಮಾಡಲೂ ಅಂಜದಿದ್ದರೆ? ಆಕ್ಷೇಪ ನ್ಯಾಯವಾದುದು. ಆದ್ದರಿಂದ ಅದೇ ಸೇತುವೆಯನ್ನು ದಾಟಿ 10 ನಿಮಿಷವಾದರೂ ದಣಿವಾರಿಸಿಕೊಂಡವರನ್ನು ಬೇರೆಯಾಗಿ ಮಾತನಾಡಿಸಿದರು. ಅವರಲ್ಲಿ ಕರೆದವರು ಕಡಿಮೆ. ಆದರೂ ಸಂಖ್ಯೆಗಳು ಚಿಕ್ಕವೆಂಬುದನ್ನು ಮರೆಯಲಾಗದು.

ಹಾಗಾದರೆ ಬಾದಾಮಿಯಲ್ಲಿ ಭೇಟಿಯಾಗುವ ಜೋಡಿಯನ್ನು ಮೇಣಬಸದಿಯ ಮೆಟ್ಟಿಲು ಹತ್ತಿಸಿದರೆ ಕೆಲಸವಾಯಿತೇ? ಕೆಂಪು ಮರಳುಗಲ್ಲಿನ ಗುಡ್ಡ, ಮೇಲೇರಿದಂತೆ ಹೆಚ್ಚುವ ಉಸಿರು, ಕೆಳಗೆ ಅಗಸ್ತ್ಯ ತೀರ್ಥ. ಕೈಯಲ್ಲಿ ತಿಂಡಿಯ ಪೊಟ್ಟಣವಿದ್ದರೆ ಮಂಗಗಳ ಭಯ ಬೇರೆ! ಅಷ್ಟು ಅವಸರ ಬೇಡ. 1981ರಲ್ಲಿ ವೈಟ್ ಮತ್ತು ಸಂಗಡಿಗರು ಕೆಲವು ತರುಣರನ್ನು ನಿಂತಲ್ಲಿಯೇ 2 ನಿಮಿಷ, ಕೆಲವರನ್ನು 15 ಸೆಕೆಂಡು ಓಡಿಸಿ, ಬಳಿಕ ಒಬ್ಬ ತರುಣಿಯ ಚಿತ್ರವನ್ನು ತೋರಿಸಿದರು. ಹೆಚ್ಚು ಓಡಿದವರಿಗೆ ಚೆಲುವೆಯಾಗಿ ಸಿಂಗರಿಸಿಕೊಂಡವಳು ಇನ್ನೂ ಚೆಲುವೆಯಾಗಿ, ವಿಕಾರವಾಗಿ ವೇಷ ಹಾಕಿದವಳು ಇನ್ನೂ ವಿಕಾರವಾಗಿ ಕಂಡಳು. ಎದೆಬಡಿತವು ಒಲವನ್ನು ಹುಟ್ಟಿಸುವುದಿಲ್ಲ. ಇದ್ದುದನ್ನು ದೊಡ್ಡದು ಮಾಡುತ್ತದೆ, ಬೇಸರವನ್ನು ಕೂಡ. ಪಡಸಾಲೆಯಲ್ಲಿ ಅಂಜಿ ಕುಳಿತ ಹುಡುಗಿಗೆ ವರನ ಒಂದು ಒರಟು ಮಾತು ಎಷ್ಟು ದೊಡ್ಡದಾಗಿ ಕೇಳಿಸಬಹುದೆಂದು ಇದರಿಂದ ಊಹಿಸಬಹುದು. ಅವಳ ಒಣಗಿದ ಬಾಯನ್ನು ಬಿಂಕವೆಂದೋ ದಡ್ಡತನವೆಂದೋ ತಿಳಿದು "ಬ್ಯಾಡ" ಎಂದು ಹೇಳಿಕಳುಹಿಸುವುದೂ ಅಷ್ಟೇ ದೊಡ್ಡ ತಪ್ಪೆಣಿಕೆ. ಆ ಒಂದು ಮಾತು ಆ ಮನೆಯಲ್ಲಿ ಎಷ್ಟು ದಿನ ಉಳಿಯುತ್ತದೆಂಬುದನ್ನು ಹೇಳಿಕಳುಹಿಸುವವರು ಕಾಣುವುದಿಲ್ಲ.

ಸ್ಥಳಕ್ಕಿಂತ ಮಾತಿನ ಬಗೆಯೇ ಮೇಲೆಂದು ನನ್ನ ಅಭಿಪ್ರಾಯ. ಏರನ್ ಅವರೇ 1997ರಲ್ಲಿ ಪರಸ್ಪರ ಅಪರಿಚಿತರಾದ ವಿದ್ಯಾರ್ಥಿಗಳನ್ನು ಇಬ್ಬಿಬ್ಬರಾಗಿ ಕೂಡಿಸಿ, ಸುಮಾರು 45 ನಿಮಿಷಗಳ ಕಾಲ 36 ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಕೇಳಿಸಿದರು. ಮೊದಲಿನವು ಹಗುರ, ಬರಬರುತ್ತ ಅಂತರಂಗದವು. ಬರಿಯ ಲೋಕಾಭಿರಾಮದ ಜೋಡಿಗಳಿಗಿಂತ ಇವರಲ್ಲಿ ಆತ್ಮೀಯತೆ ಹೆಚ್ಚು ಬೆಳೆಯಿತು. ಕೇಳಿದವನೂ ತನ್ನ ಉತ್ತರವನ್ನು ಕೊಡಬೇಕೆಂಬುದೇ ಇಲ್ಲಿಯ ಗುಟ್ಟು. ನಮ್ಮ ಪಡಸಾಲೆಯಲ್ಲಿಯಾದರೋ ಪ್ರಶ್ನೆಯೆಲ್ಲ ಒಂದು ಕಡೆ, ಉತ್ತರವೆಲ್ಲ ಇನ್ನೊಂದು ಕಡೆ.

ಇದಕ್ಕೆ ಬೇಕಾಗುವ ಏರ್ಪಾಡು ದುಬಾರಿಯದೇನೂ ಅಲ್ಲ. ಹಿರಿಯರು ಪಡಸಾಲೆಯಲ್ಲಿಯೇ ಕುಳಿತು, ಇಬ್ಬರನ್ನು ಹಿತ್ತಿಲಿನಲ್ಲೋ ಮಾಳಿಗೆಯ ಮೇಲೋ ಮುಕ್ಕಾಲು ಗಂಟೆ ಮಾತಿಗೆ ಬಿಡಬಹುದು. ಬಾಗಲಕೋಟೆಯ ಬೇಸಗೆಯಲ್ಲಾದರೆ ಹೊತ್ತು ಇಳಿದ ಮೇಲೆ. ಮೇಣಬಸದಿಗೇ ಹೋಗುವವರು ಮೆಟ್ಟಿಲು ಹತ್ತಿದ ಮೇಲೆ ಹತ್ತು ನಿಮಿಷ ನೆರಳಿನಲ್ಲಿ ಕುಳಿತು, ನಾಡಿ ಇಳಿದ ಬಳಿಕ ಮಾತಿಗೆ ತೊಡಗಬೇಕು. ಉತ್ತರವನ್ನು ಅಂದೇ ಹೇಳಿಕಳುಹಿಸಬೇಕೆಂಬ ನಿಯಮವೂ ಇಲ್ಲ.