ಆಲ್ ಗ್ರೀನ್: ಒಂದು ಮಾನಸಾಂತರದ ಕಾಲಕ್ರಮ

ರಿದಮ್ ಅಂಡ್ ಬ್ಲೂಸ್ ಗಾಯಕರಾಗಿ ಪ್ರಖ್ಯಾತರಾಗಿ ಅನಂತರ ಸಭಾಪಾಲಕರಾದ ಅಮೆರಿಕದ ಆಲ್ ಗ್ರೀನ್ ಅವರ ಜೀವಿತವು ಪ್ರಸಂಗಕ್ಕೆ ಒದಗುವಂಥದು. ಕೀರ್ತಿ, ಪಾಪ, ಆಪತ್ತು, ಪಶ್ಚಾತ್ತಾಪ ಎಂಬ ಕ್ರಮದಲ್ಲಿ ಅದನ್ನು ಹೇಳಿಬಿಡುವುದು ಸುಲಭ. ಆದರೆ ಘಟನೆಗಳನ್ನು ವರ್ಷಾನುಕ್ರಮವಾಗಿ ನೋಡಿದರೆ ಈ ಕ್ರಮವು ನಿಲ್ಲುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಗ್ರೀನ್ 1946ರಲ್ಲಿ ಅರ್ಕಾನ್ಸಾಸ್ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ ಜನಿಸಿದರು. ತಂದೆ ಪರರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಕಪ್ಪು ಜನಾಂಗದ ಬಡ ರೈತ. ಬಾಲಕ ಗ್ರೀನ್ ಅಣ್ಣತಮ್ಮಂದಿರೊಡನೆ ಸುವಾರ್ತಾಗೀತೆಗಳನ್ನು ಹಾಡುತ್ತಿದ್ದನು. ಕುಟುಂಬವು ಮಿಷಿಗನ್‌ಗೆ ವಲಸೆ ಹೋದ ಮೇಲೆ, ಜ್ಯಾಕಿ ವಿಲ್ಸನ್ ಎಂಬ ಗಾಯಕರ ಲೌಕಿಕ ಹಾಡುಗಳನ್ನು ಕೇಳಿದನೆಂಬ ಕಾರಣಕ್ಕೆ ದೈವಭಕ್ತನಾದ ತಂದೆಯೇ ಅವನನ್ನು ಮನೆಯಿಂದ ಹೊರಗಟ್ಟಿದನು. ಪರಿಶುದ್ಧತೆಯ ಹೆಸರಿನಲ್ಲಿ ಮಗನನ್ನು ಕಳೆದುಕೊಳ್ಳುವ ಮನೆಗಳು ಅಮೆರಿಕದಲ್ಲಿ ಮಾತ್ರ ಇವೆಯೆಂದು ನಾವು ಭಾವಿಸಬೇಕಾಗಿಲ್ಲ.

ಮುಂದೆ ಮೆಂಫಿಸ್ ನಗರದ ನಿರ್ಮಾಪಕ ವಿಲ್ಲಿ ಮಿಚೆಲ್ ಅವರು ಗ್ರೀನರ ಕಂಠವನ್ನು ತಿದ್ದಿ, ಕೂಗಿ ಹಾಡುವುದನ್ನು ಬಿಡಿಸಿ, ಮೆಲುದನಿಗೆ ತಂದರು. 'ಲೆಟ್ಸ್ ಸ್ಟೇ ಟುಗೆದರ್' ಗೀತೆಯು 1972ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಪ್ರಥಮ ಸ್ಥಾನಕ್ಕೇರಿತು.

ನಮಗೆ ಮುಖ್ಯವಾದುದು ಇದರ ಮುಂದಿನ ವರ್ಷ. 1973ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ತಡರಾತ್ರಿಯ ಕಚೇರಿಯೊಂದನ್ನು ಮುಗಿಸಿ ತಂಗಿದ್ದಾಗ, ತಾನು ನೂತನ ಜನ್ಮವನ್ನು ಹೊಂದಿದೆನೆಂದು ಗ್ರೀನರೇ ಸಾಕ್ಷಿ ಹೇಳಿದ್ದಾರೆ. ಆಗ ಅವರಿಗೆ ಯಾವ ಆಪತ್ತೂ ಒದಗಿರಲಿಲ್ಲ. ಅವರು ಹಾಡುವುದನ್ನು ಬಿಡಲಿಲ್ಲ, ಜೀವನಶೈಲಿಯೂ ಕೂಡಲೇ ಬದಲಾಗಲಿಲ್ಲ. 1974ರ ಅಕ್ಟೋಬರ್ 18ರಂದು ಅವರ ಸ್ನೇಹಿತೆಯಾಗಿದ್ದ ಸ್ತ್ರೀಯೊಬ್ಬಳು, ಅವರು ಸ್ನಾನಗೃಹದಲ್ಲಿದ್ದಾಗ, ಕುದಿಯುವ ಮೆಕ್ಕೆಜೋಳದ ನುಚ್ಚಿನ ಗಂಜಿಯನ್ನು ಅವರ ಮೇಲೆ ಸುರಿದು, ಬಳಿಕ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟಳು. ಗ್ರೀನರ ಬೆನ್ನು, ಹೊಟ್ಟೆ, ತೋಳುಗಳು ತೀವ್ರವಾಗಿ ಸುಟ್ಟವು.

ದೇವರು ಈ ಬೆಂಕಿಯ ಮೂಲಕ ತನ್ನ ಸೇವಕನನ್ನು ಕರೆದನೆಂದು ಪ್ರಸಂಗಿಸುವವನು ಎರಡು ತಪ್ಪುಗಳನ್ನು ಮಾಡುತ್ತಾನೆ. ಕೃಪೆಯು ಆಪತ್ತಿಗಿಂತ ಮುಂಚೆಯೇ ಬಂದಿತ್ತೆಂಬ ಸಾಕ್ಷಿಯನ್ನು ಅಲಕ್ಷಿಸುತ್ತಾನೆ. ಇದಕ್ಕಿಂತ ಗುರುತರವಾದುದು, ಮಕ್ಕಳ ತಾಯಿಯೂ ಆಗಿದ್ದ ಆಕೆಯ ಮರಣವನ್ನು ಮತ್ತೊಬ್ಬರ ಮಾನಸಾಂತರದ ಉಪಕರಣವನ್ನಾಗಿ ಮಾಡುವುದು. ಸಿಲೋವಾಮಿನ ಬುರುಜು ಬಿದ್ದು ಸತ್ತವರ ಕುರಿತು ನಮ್ಮ ಕರ್ತನು ಅಂಥ ಲೆಕ್ಕಾಚಾರಕ್ಕೆ ಎಡೆಗೊಡಲಿಲ್ಲ (ಲೂಕ 13).

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. 1979ರಲ್ಲಿ ಸಿನ್ಸಿನಾಟಿಯ ವೇದಿಕೆಯಿಂದ ಬಿದ್ದು ಗಾಯಗೊಂಡಾಗ ಗ್ರೀನರೇ ಅದನ್ನು ದೇವರ ಎಚ್ಚರಿಕೆಯೆಂದು ಗ್ರಹಿಸಿ, ಲೌಕಿಕ ಸಂಗೀತದಿಂದ ಹಲವು ವರ್ಷ ದೂರ ಸರಿದರಲ್ಲವೇ? ಹೌದು. ಆದರೆ ತನ್ನ ಮೈಗಾದ ಪೆಟ್ಟಿನಲ್ಲಿ ತಾನೇ ದೇವರ ಮಾತನ್ನು ಕೇಳಿಸಿಕೊಳ್ಳುವುದು ಬೇರೆ, ಇನ್ನೊಬ್ಬರ ಮರಣಕ್ಕೆ ಪ್ರಸಂಗಪೀಠದಿಂದ ಅರ್ಥ ಕಟ್ಟುವುದು ಬೇರೆ.

ಈ ನಡುವೆ, 1976ರಲ್ಲಿ, ಅವರು ಮೆಂಫಿಸ್‌ನಲ್ಲಿ ಫುಲ್ ಗಾಸ್ಪೆಲ್ ಟ್ಯಾಬರ್ನ್ಯಾಕಲ್ ಎಂಬ ಸಭೆಯ ಪಾಲಕತ್ವವನ್ನು ವಹಿಸಿಕೊಂಡಿದ್ದರು. ಮರುವರ್ಷ ಹೊರಬಂದ 'ದಿ ಬೆಲ್ ಆಲ್ಬಮ್' ಎಂಬ ಧ್ವನಿಮುದ್ರಿಕೆಯಲ್ಲಿ ಪ್ರಿಯತಮೆಗೂ ದೇವರಿಗೂ ನಡುವೆ ಎಳೆದಾಡಲ್ಪಡುವ ಮನಸ್ಸು ಮರೆಯಿಲ್ಲದೆ ಕಾಣುತ್ತದೆ. 2003ರಲ್ಲಿ ಗ್ರೀನರು ಮತ್ತೆ ಮಿಚೆಲ್‌ರೊಡನೆ ಸೇರಿ ಪ್ರೇಮಗೀತೆಗಳನ್ನು ಧ್ವನಿಮುದ್ರಿಸಿದರು. ಆಗಲೂ ಅವರು ಅದೇ ಸಭೆಯ ಪಾಲಕರಾಗಿದ್ದರು.